ಕೈ ತಿರುಗಿಸಿದರೂ ಓಡದ ಗಾಡಿ

(ಶಿವಮೊಗ್ಗದ ರಾಗಿಗುಡ್ಡದಲ್ಲಿ ಭಕ್ತರು ಏರ್ಪಡಿಸಿದ್ದ ಸಂಜೆಯ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಇಂದು ನಿಮ್ಮೆದುರಿಗೆ ಬೇರೊಂದು ವಿಷಯವನ್ನು ಹೇಳಬೇಕೆಂದು ಸಂಕಲ್ಪಿಸಿಕೊಂಡು ಮಠದಿಂದ ಹೊರಟೆವು. ಆದರೆ ನಿಮ್ಮ ಈ ಏರನ್ನು ಹತ್ತಿ ಬರುತ್ತಿರುವಾಗ ಮನಸ್ಸು ಅಲ್ಲಿಯೇ ನಿಂತುಬಿಟ್ಟಿತು. ಹೋದ ಮಳೆಗಾಲದಲ್ಲಿ ಮಠದ ಕರೆಂಟು ಗಾಡಿಯೊಂದು ನಿಂತದ್ದು ಇದೇ ಏರಿನಲ್ಲಿ. ಸ್ವಾಮಿಗಳಿಗೂ ಗಾಡಿಯ ರಿಪೇರಿಗೂ ಏನು ಸಂಬಂಧವೆಂದು ನೀವು ನಗಬಹುದು. ಸಂಬಂಧವಿದೆ. ಆ ಗಾಡಿಯ ವಿಷಯದಲ್ಲಿ ನಮ್ಮಿಂದ ಒಂದು ತಪ್ಪು ನಡೆದಿದೆ. ಅದನ್ನು ಕಂಡವರು ನಿಮ್ಮಲ್ಲಿಯೇ ಕೆಲವರಿದ್ದೀರಿ. ಆದ್ದರಿಂದ ಅದನ್ನು ಇಲ್ಲಿಯೇ ಹೇಳುವುದು ನ್ಯಾಯ.

ನಮ್ಮ ಪ್ರಸಾದ ನಿಲಯದ ಮಕ್ಕಳಿಗೆ ಬೇಕಾದ ಹಾಲಿನಲ್ಲಿ ಒಂದು ಭಾಗ ನಿಮ್ಮ ಮನೆಗಳಿಂದ ಬರುತ್ತದೆ. ಅದನ್ನು ತರುವವನು ಡಿಗ್ರಿ ಓದುತ್ತಿರುವ ಒಬ್ಬ ಹುಡುಗ. ಹೆಸರು ಹೇಳಿದರೆ ಅವನಿಗೆ ನಾಚಿಕೆ, ಹೇಳುವುದಿಲ್ಲ. ಬೆಳಗಿನ ಐದೂವರೆಗೆ ಎರಡು ಕ್ಯಾನು ಕಟ್ಟಿಕೊಂಡು ಹೊರಡುತ್ತಾನೆ. ಗಾಡಿ ಭಕ್ತರೊಬ್ಬರು ನಾಲ್ಕು ವರ್ಷಗಳ ಹಿಂದೆ ಮಠಕ್ಕೆ ಅರ್ಪಿಸಿದ್ದು. ಮೋಟಾರಿನ ಶಕ್ತಿ 250 ವ್ಯಾಟಿಗೆ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರಿಗೆ ಮೀರದೆ ಇರುವ ಗಾಡಿಗೆ ಸರ್ಕಾರದ ನಂಬರ್ ಪ್ಲೇಟು ಬೇಡ, ಲೈಸೆನ್ಸೂ ಬೇಡ. ಅಂಥ ಸಾಧು ಗಾಡಿ ಅದು. ಪೆಟ್ರೋಲು ಕುಡಿಯುವುದಿಲ್ಲ, ಸದ್ದು ಮಾಡುವುದಿಲ್ಲ.

ಒಂದು ದಿನ ಬೆಳಿಗ್ಗೆ, ಸಣ್ಣಗೆ ಮಳೆ ಹನಿಯುತ್ತಿತ್ತು, ಏರಿನ ತಿರುವಿನಲ್ಲಿ ಗಾಡಿ ನಿಂತಿತು. ದೀಪ ಉರಿಯುತ್ತದೆ. ಹಾರ್ನು ಕೂಗುತ್ತದೆ. ಮುಂದಿನ ಫಲಕದಲ್ಲಿ ಬ್ಯಾಟರಿ ತುಂಬಿದೆಯೆಂದೇ ತೋರಿಸುತ್ತದೆ. ಬಲಗೈಯ ಹಿಡಿಯನ್ನು ಎಷ್ಟು ತಿರುಗಿಸಿದರೂ ಚಕ್ರ ಮಾತ್ರ ಮಿಸುಕದು. ಹುಡುಗ ತುಂಬಿದ ಕ್ಯಾನುಗಳೊಡನೆ ಅದನ್ನು ತಳ್ಳಿಕೊಂಡು ಮಠಕ್ಕೆ ಬರುವಷ್ಟರಲ್ಲಿ ಎಂಟು ಗಂಟೆ ದಾಟಿತ್ತು. ಚಿಕ್ಕ ಮಕ್ಕಳು ಬರಿಯ ಉಪ್ಪಿಟ್ಟು ತಿಂದು ಶಾಲೆಗೆ ಹೋಗಿದ್ದರು. ನಮಗೆ ಸಿಟ್ಟು ಬಂದಿತು. ಏನಾಯಿತೆಂದು ಕೇಳಲಿಲ್ಲ. 'ಮಳೆಯಲ್ಲಿ ಬೇಕಾಬಿಟ್ಟಿ ಓಡಿಸಿ ಕೆಡಿಸಿದೆಯಲ್ಲ' ಎಂದುಬಿಟ್ಟೆವು. ಅವನು ಏನನ್ನೋ ಹೇಳಲು ಬಾಯಿ ತೆರೆದ. ನಾವು ಪೂಜೆಗೆ ಎದ್ದೆವು.

ಗಾಡಿ ಪೇಟೆಯ ಒಂದು ಅಂಗಡಿಗೆ ಹೋಯಿತು. ಅವರು ಸೀಟು ತೆಗೆದು, ಬ್ಯಾಟರಿಯ ತಿರುಪುಗಳನ್ನು ಬಿಗಿಮಾಡಿ, ಹ್ಯಾಂಡಲನ್ನು ಅತ್ತಿತ್ತ ಆಡಿಸಿ ನೋಡಿದರು. ಗಾಡಿ ಓಡಿತು! 'ದೋಷ ಬ್ಯಾಟರಿಯದೇ' ಎಂದು ತೀರ್ಮಾನವಾಯಿತು. ಎರಡು ದಿನ ಓಡಿ ಮತ್ತೆ ನಿಂತಾಗ, ಹೊಸ ಬ್ಯಾಟರಿಯನ್ನೇ ಹಾಕಿಸಬೇಕು, ಹಲವು ಸಾವಿರ ರೂಪಾಯಿ ಖರ್ಚು ಎಂಬ ಮಾತು ಬಂದಿತು. ಕಾಕತಾಲೀಯ ನ್ಯಾಯವನ್ನು ನೀವು ಕೇಳಿದ್ದೀರಿ. ಕಾಗೆ ಬಂದು ತಾಳೆಯ ಮರದ ಮೇಲೆ ಕೂರುವುದಕ್ಕೂ ಹಣ್ಣು ತೊಟ್ಟು ಕಳಚಿ ಬೀಳುವುದಕ್ಕೂ ಸರಿಹೋಯಿತು. ನೋಡಿದವನು ಕಾಗೆಯ ಭಾರಕ್ಕೇ ಹಣ್ಣು ಬಿತ್ತೆಂದ. ತಿರುಪು ಬಿಗಿದದ್ದು ಕಾಗೆ, ಗಾಡಿ ಓಡಿದ್ದು ಹಣ್ಣು. ಈ ನ್ಯಾಯವನ್ನು ವಿದ್ಯಾರ್ಥಿಗಳಿಗೆ ಎಷ್ಟು ಸಲ ಪಾಠ ಹೇಳಿದ್ದೇವೋ ಲೆಕ್ಕವಿಲ್ಲ. ನಮ್ಮ ಅಂಗಳಕ್ಕೇ ಕಾಗೆ ಬಂದು ಕುಳಿತಾಗ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ಹಿರಿಯರೊಬ್ಬರು ಗಾಡಿಯನ್ನು ಗುಜರಿಗೆ ಹಾಕಿಬಿಡೋಣವೆಂದರು. ಇನ್ನೊಬ್ಬರು ಹುಡುಗನನ್ನು ಈ ಕೆಲಸದಿಂದ ಬಿಡಿಸಬೇಕೆಂದರು. ನಾವು ಬೇಡವೆನ್ನಲಿಲ್ಲ, ಮೌನವಾಗಿದ್ದೆವು. ಆ ಮೌನವನ್ನು ಅವನು ಒಪ್ಪಿಗೆಯೆಂದೇ ತಿಳಿದ. ಬಡವರ ಮನೆಯ ಹುಡುಗ. ಉಚಿತವಾಗಿ ಉಣ್ಣುತ್ತಿಲ್ಲ, ದುಡಿದು ಉಣ್ಣುತ್ತಿದ್ದೇನೆ ಎಂಬ ಅಭಿಮಾನಕ್ಕೆ ಆ ಹಾಲಿನ ಕಾಯಕವೊಂದೇ ಅವನಿಗೆ ಆಧಾರವಾಗಿತ್ತು. ಅದು ಹೋದ ಮೇಲೆ ಊರಿಗೆ ಹೋಗುತ್ತೇನೆಂದು ಟ್ರಂಕು ಕಟ್ಟಿದನೆಂದು ಅಡುಗೆಯವರು ಬಂದು ಹೇಳಿದರು. ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು.

ಆ ದಿನವೇ ದರ್ಶನಕ್ಕೆ ನಿಮ್ಮ ಬಡಾವಣೆಯ ಒಬ್ಬ ಯಜಮಾನರು ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಿಮಗೆಲ್ಲ ಗೊತ್ತು. 1923ರಲ್ಲಿ ಮೈಸೂರು ಸಂಸ್ಥಾನದವರು ನಡೆಸತೊಡಗಿದ್ದು, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತದ್ದು. ಅಲ್ಲಿ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಂಗಳದಲ್ಲಿ ನಿಂತಿದ್ದ ಗಾಡಿಯನ್ನು ನೋಡಿದರು. ನಮ್ಮನ್ನೇನೂ ಕೇಳಲಿಲ್ಲ. ನೇರವಾಗಿ ಹುಡುಗನನ್ನು ಕರೆಯಿಸಿ, 'ತಮ್ಮಾ, ನಿಲ್ಲೋದಕ್ಕೆ ಮುಂಚೆ ಇದು ಏನೇನು ಮಾಡ್ತಿತ್ತು, ಹೇಳು' ಎಂದರು.

ಹುಡುಗ ಹೇಳಿದ: 'ಒಂದು ವಾರದಿಂದ ಹಿಡಿ ಬಿಟ್ಟರೆ ಪೂರ್ತಿ ಹಿಂದಕ್ಕೆ ಬರ್ತಿರಲಿಲ್ಲ ಸಾರ್. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗೆಲ್ಲ ಕರೆಂಟು ಹೋದ ಹಾಗೆ ಆಗೋದು. ನೆಟ್ಟಗೆ ಮಾಡಿದರೆ ಮತ್ತೆ ಓಡೋದು.'

ಯಜಮಾನರು ನಮ್ಮ ಕಡೆ ತಿರುಗಿ, 'ಬುದ್ಧಿ, ಅರ್ಧ ರಿಪೇರಿ ಈ ಹುಡುಗನೇ ಮಾಡಿದ್ದಾನೆ' ಎಂದರು. ಅನ್ನಂಭಟ್ಟರ ತರ್ಕಸಂಗ್ರಹವನ್ನು ನಾವು ಬಾಲ್ಯದಲ್ಲಿ ಗುರುಗಳ ಪಾದಮೂಲದಲ್ಲಿ ಕುಳಿತು ಓದಿದವರು. ಒಂದಿದ್ದಲ್ಲಿ ಮತ್ತೊಂದಿರುವುದು ಅನ್ವಯ, ಅದಿಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಎಡಕ್ಕೆ ತಿರುಗಿದರೆ ನಿಲ್ಲುವುದು, ತಿರುಗದಿದ್ದರೆ ಓಡುವುದು. ಹುಡುಗನ ಬಾಯಲ್ಲಿ ಎರಡೂ ಇದ್ದವು. ಕೇಳುವ ಕಿವಿ ನಮ್ಮಲ್ಲಿರಲಿಲ್ಲ.

ಈಗ ಆ ಹಿಡಿಯ ಮರ್ಮವನ್ನು ಸ್ವಲ್ಪ ಹೇಳುತ್ತೇವೆ. ನಿಮ್ಮಲ್ಲಿ ಅನೇಕರ ಮನೆಗೆ ಈ ಬಗೆಯ ಗಾಡಿ ಬಂದಿದೆ, ಬರಲಿದೆ. ಹುಡುಗರು ಅದನ್ನು ಎಕ್ಸಲೇಟರ್ ಎನ್ನುತ್ತಾರೆ, ಅಂಗಡಿಯವರು ಥ್ರಾಟಲ್ ಎನ್ನುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ಹಿಡಿ ತಿರುಗಿಸಿದರೆ ಒಂದು ಉಕ್ಕಿನ ತಂತಿ ಎಳೆಯಲ್ಪಡುತ್ತದೆ, ಎಂಜಿನಿಗೆ ಹೆಚ್ಚು ಗಾಳಿ ಹೋಗುತ್ತದೆ, ಅದರೊಡನೆ ಪೆಟ್ರೋಲೂ ಹೋಗುತ್ತದೆ. ಇಲ್ಲಿ ಎಳೆಯುವುದು ಯಾವುದೂ ಇಲ್ಲ. ಹಿಡಿಯೊಳಗೆ ಒಂದು ಪುಟ್ಟ ಅಯಸ್ಕಾಂತ. ಅದರೆದುರು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಬಿಲ್ಲೆ. ಅದಕ್ಕೆ ಹಾಲ್ ಸೆನ್ಸರ್ ಎಂದು ಹೆಸರು. ಹಾಲು ತರುವ ಗಾಡಿಗೆ ಹಾಲ್ ಸೆನ್ಸರ್ ಎಂದಾಗ ನಾವು ನಕ್ಕೆವು. ಅದು ಹಾಲಲ್ಲ, ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿಯ ಹೆಸರು. ವಿದ್ಯುತ್ತು ಹರಿಯುವ ತೆಳುವಾದ ಚಿನ್ನದ ರೇಕನ್ನು ಅಯಸ್ಕಾಂತದ ಪ್ರಭಾವದಲ್ಲಿಟ್ಟರೆ ಅದರ ಅಡ್ಡಗಲದಲ್ಲಿ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆಂದು ಆತ 1879ರಲ್ಲಿ ಕಂಡುಕೊಂಡ. ಹಿಡಿ ತಿರುಗಿದಂತೆ ಅಯಸ್ಕಾಂತವು ಬಿಲ್ಲೆಗೆ ಹತ್ತಿರವಾಗುತ್ತದೆ, ವೋಲ್ಟೇಜು ಏರುತ್ತದೆ. ಅದನ್ನು ಕಂಡು ಕಂಟ್ರೋಲರ್ ಎಂಬ ಪೆಟ್ಟಿಗೆ ಮೋಟಾರಿಗೆ ಬ್ಯಾಟರಿಯ ಶಕ್ತಿಯನ್ನು ಅಳೆದು ಕೊಡುತ್ತದೆ. ಹಿಡಿ ಶಕ್ತಿಯನ್ನು ಕೊಡುವುದಿಲ್ಲ, ಎಷ್ಟು ಬೇಕೆಂದು ಹೇಳುತ್ತದೆ, ಅಷ್ಟೇ.

ಹಿಡಿಯಿಂದ ಹೊರಡುವ ತಂತಿಗಳು ಸಾಮಾನ್ಯವಾಗಿ ಮೂರು. ಕೆಂಪು ಅದಕ್ಕೆ 5 ವೋಲ್ಟಿನ ಆಹಾರ. ಕಪ್ಪು ಹಿಂದಿರುಗುವ ದಾರಿ. ಮೂರನೆಯದು, ನಮ್ಮ ಗಾಡಿಯಲ್ಲಿ ಹಸಿರು, ಮಾತು ಹೇಳುವ ತಂತಿ. ಹಿಡಿಯನ್ನು ಮುಟ್ಟದಿದ್ದಾಗ ಅದರಲ್ಲಿ ಸುಮಾರು 0.8 ವೋಲ್ಟು, ಪೂರ್ತಿ ತಿರುಗಿಸಿದಾಗ ಮೂರೂವರೆಯಿಂದ ನಾಲ್ಕರ ಆಸುಪಾಸು.

ಯಜಮಾನರು ಮೊದಲು ಬ್ರೇಕಿನ ಹಿಡಿಗಳನ್ನು ನೋಡಿದರು. ನಮಗೆ ಆಶ್ಚರ್ಯ. ಬ್ರೇಕು ಹಿಡಿದೊಡನೆ ಮೋಟಾರಿಗೆ ಶಕ್ತಿ ಕಡಿಯುವ ಸ್ವಿಚ್ಚು ಅಲ್ಲಿರುತ್ತದೆಯಂತೆ. ಅದು ಸಿಕ್ಕಿಹಾಕಿಕೊಂಡರೂ ಗಾಡಿ ಹೀಗೆಯೇ ನಿಲ್ಲುತ್ತದೆ. ಒಂದೊಂದಾಗಿ ಅವುಗಳ ತಂತಿ ಬಿಡಿಸಿ ನೋಡಿದರು. ದೋಷ ಅಲ್ಲಿರಲಿಲ್ಲ. ಅನಂತರ ಕಂಟ್ರೋಲರಿನ ಬಳಿ ಮೀಟರಿನ ಮೊನೆಗಳನ್ನು ಕೆಂಪಿಗೂ ಕಪ್ಪಿಗೂ ಇಟ್ಟರು. 5 ವೋಲ್ಟು ತೋರಿತು. ಪೆಟ್ಟಿಗೆ ಅನ್ನ ಹಾಕುತ್ತಿದೆ. ಹಸಿರಿಗೂ ಕಪ್ಪಿಗೂ ಇಟ್ಟರೆ ಸೊನ್ನೆ, ತಿರುಗಿಸಿದರೂ ಸೊನ್ನೆ. ಹ್ಯಾಂಡಲಿನ ಕುತ್ತಿಗೆಯಲ್ಲಿ ತಂತಿ ಬಾಗುವ ಜಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು. ಸೊನ್ನೆ 0.8 ಆಯಿತು! ಹುಡುಗ ಹಿಡಿ ತಿರುಗಿಸಿದ, ಅಂಕಿ ಏರಿತು. ಬೆರಳು ಬಿಟ್ಟರು, ಮತ್ತೆ ಸೊನ್ನೆ. ಮೇಲಿನ ರಬ್ಬರು ಸರಿಯಾಗಿಯೇ ಇತ್ತು. ಒಳಗಿನ ತಾಮ್ರದ ಎಳೆಗಳು ನಾಲ್ಕು ವರ್ಷ ಎಡಕ್ಕೂ ಬಲಕ್ಕೂ ಬಾಗಿ ಬಾಗಿ ತುಂಡಾಗಿದ್ದವು. ಹಿಡಿಯನ್ನು ಹಿಂದಕ್ಕೆ ತರುವ ಸ್ಪ್ರಿಂಗೂ ಸೋತಿತ್ತು. ಮಳೆಯೂ ಕಾರಣವಲ್ಲ, ಹುಡುಗನೂ ಕಾರಣನಲ್ಲ. ತಂತಿಗೆ ಜಗ್ಗಾಟವಿಲ್ಲದ ಸಡಿಲವನ್ನು ಮೊದಲೇ ಬಿಟ್ಟಿರಲಿಲ್ಲ, ಅಷ್ಟೇ.

ಹೊಸ ಥ್ರಾಟಲಿನ ಬೆಲೆ ಕೆಲವು ನೂರು ರೂಪಾಯಿ. ತಂದದ್ದೂ ಆಯಿತು. ಅದನ್ನು ಹಾಕುವಾಗ ಆ ಯಜಮಾನರು ತೋರಿದ ಎಚ್ಚರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಿಮ್ಮ ಮನೆಯ ಹುಡುಗರು ಇಂಥ ಕೆಲಸಕ್ಕೆ ಕೈಹಾಕುವವರೇ.

ಮೊದಲು ಬೀಗದ ಕೈ ತೆಗೆದು, ಬ್ಯಾಟರಿಯ ಸ್ವಿಚ್ಚನ್ನೂ ಇಳಿಸಿದರು. ನಮ್ಮ ಗಾಡಿಯದು 48 ವೋಲ್ಟಿನ ಬ್ಯಾಟರಿ. ಅದರ ಎರಡು ತುದಿಗಳಿಗೆ ಒಂದು ಸ್ಪ್ಯಾನರು ಅಡ್ಡ ಬಿದ್ದರೆ ಬೆಂಕಿಯೇ. ಹಳೆಯ ಹಿಡಿಯನ್ನು ಅಲೆನ್ ಕೀಲಿಯಿಂದ ಸಡಿಲಿಸಿ ಎಳೆದರು. ಹೊಸದರ ತಂತಿಗಳ ಬಣ್ಣ ನೋಡಿದರೆ ಮೂರನೆಯದು ಹಸಿರಲ್ಲ, ಬಿಳಿ. ಹತ್ತಿರ ನಿಂತಿದ್ದವರೊಬ್ಬರು, 'ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಉಳಿದದ್ದಕ್ಕೆ ಉಳಿದದ್ದು, ಕಟ್ಟಿಬಿಡಿ' ಎಂದರು. ಯಜಮಾನರು ಒಪ್ಪಲಿಲ್ಲ. ಬಣ್ಣವನ್ನು ನಂಬಬಾರದು, ತಂತಿ ಮಾಡುವ ಕೆಲಸವನ್ನು ನೋಡಬೇಕು ಎಂದು, ಅದರ ಜೊತೆಗೆ ಬಂದಿದ್ದ ಚೀಟಿಯನ್ನು ಓದಿ, ಒಂದೊಂದನ್ನೂ ತಾಳೆ ನೋಡಿದರು. ಏಕೆಂದು ಕೇಳಿದ್ದಕ್ಕೆ ಅವರು ಹೇಳಿದ ಮಾತಿನಿಂದ ನಮಗೆ ಮೈ ಜುಮ್ಮೆಂದಿತು. ಹಸಿರು ತುಂಡಾದರೆ ಗಾಡಿ ನಿಲ್ಲುತ್ತದೆ. ಕಪ್ಪು ತುಂಡಾದರೆ ಹಾಗಲ್ಲ. ಹಿಂದಿರುಗುವ ದಾರಿಯಿಲ್ಲದೆ ಮಾತಿನ ತಂತಿಯ ವೋಲ್ಟೇಜು 5ರ ಸಮೀಪಕ್ಕೆ ಹಾರಬಹುದು. ಒಳ್ಳೆಯ ಕಂಟ್ರೋಲರಾದರೆ ಇದು ದೋಷವೆಂದು ಗುರುತಿಸಿ ಸುಮ್ಮನಾಗುತ್ತದೆ. ಆ ವಿವೇಕವಿಲ್ಲದ್ದು ಪೂರ್ತಿ ವೇಗ ಕೇಳುತ್ತಿದ್ದಾರೆಂದು ತಿಳಿದು ಗಾಡಿಯನ್ನು ಮುನ್ನುಗ್ಗಿಸುತ್ತದೆ. ರಾಗಿಗುಡ್ಡದ ಇಳಿಜಾರಿನಲ್ಲಿ ಹಾಗಾದರೆ? ಎರಡು ಎಳೆ ತಿರುಚಿ ಇನ್ಸುಲೇಷನ್ ಟೇಪು ಸುತ್ತಿ ಕಳುಹಿಸುವ ರಿಪೇರಿ ಎಷ್ಟು ಅಪಾಯದ್ದೆಂದು ಆಗ ತಿಳಿಯಿತು. ಅವರು ಕನೆಕ್ಟರ್ ಹಾಕಿಯೇ ಜೋಡಿಸಿದರು. ಹ್ಯಾಂಡಲನ್ನು ಎರಡೂ ಕಡೆ ಕೊನೆಯ ತನಕ ತಿರುಗಿಸಿ, ತಂತಿ ಎಲ್ಲಿಯೂ ಬಿಗಿಯದಷ್ಟು ಸಡಿಲ ಬಿಟ್ಟು ಕಟ್ಟಿದರು. ಹಿಡಿ ಬಿಟ್ಟೊಡನೆ ತಾನೇ ಹಿಂದಕ್ಕೆ ಬರುತ್ತದೆಯೇ ಎಂದು ಹತ್ತಾರು ಸಲ ನೋಡಿದರು. ಡಬಲ್ ಸ್ಟ್ಯಾಂಡು ಹಾಕಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ನಿಲ್ಲಿಸಿದ ಮೇಲೆಯೇ ಬ್ಯಾಟರಿಯ ಸ್ವಿಚ್ಚು ಏರಿಸಿದರು.

ತಾಯಂದಿರಿಗೆ ಒಂದು ಮಾತು. ಈ ಗಾಡಿ ಚಾಲೂ ಇದ್ದರೂ ಸದ್ದಿರುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ಕೀಲಿಯನ್ನು ಅದರಲ್ಲೇ ಬಿಟ್ಟು ಒಳಗೆ ಹೋಗಬೇಡಿರಿ. ಮಗು ಆಟಕ್ಕೆ ಹಿಡಿ ತಿರುಗಿಸಿದರೆ ಸಾಕು. ತೊಳೆಯುವಾಗ ಪೈಪಿನ ನೀರನ್ನು ಹಿಡಿಯ ಮೇಲೆ ಬಿಡಬೇಡಿರಿ. ಹಿಡಿ ನಿಧಾನವಾಗಿ ಹಿಂದಿರುಗತೊಡಗಿದರೆ ಅಂದೇ ತೋರಿಸಿರಿ.

1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. 1948ರಲ್ಲಿ ನಮ್ಮ ಜಿಲ್ಲೆಯ ಜೋಗದಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ ಆರಂಭವಾಯಿತು. ಶರಾವತಿಯಷ್ಟು ದೊಡ್ಡ ಶಕ್ತಿಯನ್ನು ಪಳಗಿಸಿದ ನಾಡು ಕೂದಲೆಳೆಯಷ್ಟು ತಾಮ್ರ ತುಂಡಾದದ್ದಕ್ಕೆ ಒಂದು ಗಾಡಿಯನ್ನು ಗುಜರಿಗೆ ಹಾಕಹೊರಟಿತ್ತು. ಗಾಡಿ ಹೋದರೆ ಹೋಗಲಿ ಎನ್ನೋಣ, ಮತ್ತೊಂದು ಬರುತ್ತದೆ. ಆದರೆ ಅದರ ಜೊತೆಗೆ ಒಬ್ಬ ಹುಡುಗನ ಓದನ್ನೂ ನಾವು ಗುಜರಿಗೆ ಹಾಕುವವರಿದ್ದೆವು.

ಸ್ವಿಚ್ಚು ಏರಿಸಿದ ಮೇಲೆ ಯಜಮಾನರು ಹಿಡಿಯನ್ನು ತಾವು ತಿರುಗಿಸಲಿಲ್ಲ. 'ಬಾ ತಮ್ಮಾ, ಮೆಲ್ಲಗೆ' ಎಂದು ಹುಡುಗನ ಕೈಯನ್ನೇ ಇಡಿಸಿದರು. ಚಕ್ರ ತಿರುಗಿತು. ಬಿಟ್ಟ, ನಿಂತಿತು. ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗ ನಗಲಿಲ್ಲ. ನಾವು ಹತ್ತಿರ ಹೋಗಿ, 'ಅಂದು ನೀನು ಏನೋ ಹೇಳಲು ಬಂದೆ, ನಾವು ಕೇಳಲಿಲ್ಲ. ತಪ್ಪು ನಮ್ಮದು ಮಗು' ಎಂದೆವು. ಅಂಗಳದಲ್ಲಿ ಎಲ್ಲರೂ ಸ್ತಬ್ಧರಾದರು. ಸ್ವಾಮಿಗಳು ಹೀಗೆ ಹೇಳಬಾರದಿತ್ತೆಂದು ಆಮೇಲೆ ಕೆಲವರು ಆಡಿಕೊಂಡರಂತೆ. ಎಲ್ಲರೆದುರು ಬೈದದ್ದನ್ನು ಏಕಾಂತದಲ್ಲಿ ತಿದ್ದಿಕೊಳ್ಳುವುದು ಯಾವ ಧರ್ಮ? ಹುಡುಗ ತಲೆ ತಗ್ಗಿಸಿ, 'ಬುದ್ಧಿ, ನಾಳೆ ಹಾಲಿಗೆ ನಾನೇ ಹೋಗಲಾ?' ಎಂದ. ಬೇರೇನೂ ಕೇಳಲಿಲ್ಲ.

ಹಳೆಯ ಹಿಡಿಯನ್ನು ಎಸೆಯಲಿಲ್ಲ. ಪ್ರಸಾದ ನಿಲಯದ ಮಕ್ಕಳು ಅದನ್ನು ಬಿಚ್ಚಿ, ಅಯಸ್ಕಾಂತ ತೆಗೆದು ಗುಂಡುಸೂಜಿಗಳನ್ನು ಹಾರಿಸುತ್ತ ಕುಳಿತಿರುತ್ತಾರೆ. ಯಜಮಾನರು ಭಾನುವಾರಗಳಂದು ಮೀಟರು ಹಿಡಿದುಕೊಂಡು ಬಂದು ಅವರಿಗೆ ತಂತಿಗಳ ಪಾಠ ಹೇಳುತ್ತಿದ್ದಾರೆ. ತರ್ಕಪಾಠಕ್ಕಿಂತ ಅಲ್ಲಿಯೇ ಮಕ್ಕಳು ಹೆಚ್ಚು. ನಮಗೆ ಹೊಟ್ಟೆಕಿಚ್ಚಿಲ್ಲ, ನಾವೂ ಒಂದು ಮೂಲೆಯಲ್ಲಿ ಕುಳಿತು ಕೇಳುತ್ತೇವೆ.

ಹುಡುಗ ಈಗ ಈ ಸಭೆಯಲ್ಲಿಲ್ಲ. ನಿಮ್ಮ ಹಿಂದಿನ ಬೀದಿಯಲ್ಲಿ ಸಂಜೆಯ ಹಾಲನ್ನು ಅಳೆಯಿಸಿಕೊಳ್ಳುತ್ತಿದ್ದಾನೆ. ಕತ್ತಲಾಗುತ್ತಿದೆ, ಕ್ಯಾನು ತುಂಬಿಸಿ ಅವನನ್ನು ಬೇಗ ಕಳುಹಿಸಿಕೊಡಿರಿ.