ಆಯಿಯ ಬಂಡಿಗೆ ಎತ್ತೆಷ್ಟು?

ಇಂಗಳೇಶ್ವರದ ಶಿಲಾಮಂಟಪದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅಕ್ಷರ ಕದಲುವುದಿಲ್ಲ. ಅದೇ ಊರಿನ ನಮ್ಮ ಅಜ್ಜಿಯ ನೆನಪು ಹಾಗಲ್ಲ ವೀಕ್ಷಕರೇ. ಬೆಳಿಗ್ಗೆ ರೊಟ್ಟಿ ತಿಂದಿದ್ದು ಮರೀತಾಳೆ. ಮದುವೆಯಾಗಿ ಬಂಡಿಯಲ್ಲಿ ಬಂದ ದಿನ ಮಾತ್ರ ನಿನ್ನೆ ನಡೆದಂತೆ ಹೇಳ್ತಾಳೆ. ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಮುಪ್ಪಿನಲ್ಲಿ ಹೆಚ್ಚು ಮರಳುತ್ತವೆ ಅಂತಾರೆ ಮನೋವಿಜ್ಞಾನಿಗಳು. ಮತ್ತೆ ಮತ್ತೆ ಹೇಳಿದಷ್ಟೂ ನೆನಪು ಮಿದುಳಿನಲ್ಲಿ ಗಟ್ಟಿಯಾಗುತ್ತೆ. ಹೇಳುವಾಗಲೇ ಒಂಚೂರು ಬದಲಾಗೋದೂ ಉಂಟು. ಅಜ್ಜಿಯ ಬಂಡಿಗೆ ಒಮ್ಮೆ ಎರಡು ಎತ್ತು, ಒಮ್ಮೆ ನಾಲ್ಕು!

"ಎಷ್ಟ್ ಸಲ ಹೇಳ್ತಿ ಆಯಿ, ಸಾಕ್ ಬಿಡು" ಅಂತ ಹೋದ ದೀಪಾವಳಿಗೆ ನಾನೇ ರೇಗಿದ್ದೆ. ಅವತ್ತಿನಿಂದ ಆಕೆ ಬಂಡಿಯ ಮಾತೇ ಎತ್ತಿಲ್ಲ. ಈ ಭಾನುವಾರ ಊರಿಗೆ ಹೊರಟಿದ್ದೀನಿ. ಎಷ್ಟು ಎತ್ತು ಕಟ್ಟಿದ್ರು ಅಂತ ನಾನೇ ಕೇಳಬೇಕು.