ವಂಶಾನುಗತ ರೋಗವೂ ಬಂಧುಗಳ ಪರೀಕ್ಷೆಯೂ



ಒಂದು ಮನೆತನದಲ್ಲಿ ತಂದೆಗೂ ಸೋದರತ್ತೆಗೂ ಮಗನಿಗೂ ಕ್ಯಾನ್ಸರ್ ಬಂದಿತೆಂದರೆ ನೆರೆಯವರು ಅದನ್ನು ಶಾಪವೆನ್ನುವರು. ಮನೆಯವರು ಮಕ್ಕಳ ಸಂಬಂಧಗಳು ತಪ್ಪಿಯಾವೆಂದು ಮುಚ್ಚಿಡುವರು. ಈ ಎರಡರಿಂದಲೂ ಬಂಧುಗಳಿಗೆ ಕೇಡೇ ಹೊರತು ಹಿತವಿಲ್ಲ.

ಅಮೆರಿಕಾದ ಮಿಶಿಗನ್ ಪ್ರಾಂತದ ಆನ್ ಆರ್ಬರ್ ನಗರದಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯಪಂಡಿತರಿದ್ದರು. 1895ರಲ್ಲಿ, ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು, ತನ್ನ ಕುಲದವರು ಅನೇಕರು ಕ್ಯಾನ್ಸರಿನಿಂದ ಮಡಿದರೆಂದೂ ತನಗೂ ಅದೇ ಗತಿಯೆಂದೂ ಹೇಳಿ ದುಃಖಿಸಿದಳು. ಆಕೆಯೂ ಅಕಾಲದಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದಲೇ ಗತಿಸಿದಳು. ವಾರ್ಥಿನ್ನರು ಆ ಕುಲದ ವಂಶಾವಳಿಯನ್ನು ಸಂಗ್ರಹಿಸಿ 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯರು ಆ ಶೋಧನೆಯನ್ನು ಬೆಳೆಸಿದರು. ಕಡೆಗೆ 2000ದಲ್ಲಿ, ಆ ಕುಲದ ದೋಷವು ಎಂ.ಎಸ್.ಎಚ್.2 ಎಂಬ ವಂಶವಾಹಿಯಲ್ಲಿದೆಯೆಂದು ಪ್ರಕಟವಾಯಿತು. ಈ ಬಗೆಯ ವಂಶಾನುಗತ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವಾಗ ಲಿಪಿಕಾರನ ಕೈ ತಪ್ಪುವುದುಂಟು. ಮೂಲದೊಡನೆ ಹೋಲಿಸಿ ತಿದ್ದುವ ಪಂಡಿತನಿದ್ದರೆ ಪಾಠವು ಶುದ್ಧವಾಗಿ ಉಳಿಯುವುದು. ಶರೀರದ ಜೀವಕಣವು ಎರಡಾಗುವಾಗಲೂ ಅದರೊಳಗಿನ ಡಿ.ಎನ್.ಎ. ಎಂಬ ಬರಹವು ಹೀಗೆಯೇ ಪ್ರತಿಯಾಗುವುದು. ಅಲ್ಲಿಯ ತಪ್ಪುಗಳನ್ನು ತಿದ್ದುವ ಕಾರ್ಯದಲ್ಲಿ ಈ ವಂಶವಾಹಿಯೂ ಒಂದು. ಇದು ಕೆಟ್ಟಲ್ಲಿ ತಪ್ಪುಗಳು ಕೂಡುತ್ತ ಬಂದು, ದೊಡ್ಡ ಕರುಳು, ಗರ್ಭಕೋಶ ಮೊದಲಾದೆಡೆಗಳಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚುವುದು. ಹೀಗಿರಲು ಶಾಪಕ್ಕೂ ಪಾಪಕ್ಕೂ ಇಲ್ಲಿ ಎಡೆಯೆಲ್ಲಿ?

ಕ್ಯಾನ್ಸರುಗಳೆಲ್ಲವೂ ವಂಶದಿಂದ ಬರತಕ್ಕವಲ್ಲ. ನೂರರಲ್ಲಿ ಸುಮಾರು 5ರಿಂದ 10 ಮಾತ್ರ ಹಾಗೆ ಬರುವುವು. ಆದರೆ ಒಂದೇ ಕವಲಿನಲ್ಲಿ ಹಲವರಿಗೆ, ಅಥವಾ ಐವತ್ತು ತುಂಬುವ ಮೊದಲೇ, ಕರುಳಿನ ಇಲ್ಲವೆ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ವೈದ್ಯರನ್ನು ವಿಚಾರಿಸುವುದು ಯುಕ್ತ. ಸಾಧ್ಯವಾದಲ್ಲಿ ಮೊದಲು ರೋಗಿಯನ್ನೇ ಪರೀಕ್ಷಿಸುವರು. ದೋಷವು ಗೊತ್ತಾದ ಮೇಲೆ, ರಕ್ತದಿಂದಲೋ ಎಂಜಲಿನಿಂದಲೋ, ಬಂಧುಗಳಲ್ಲಿ ಅದೊಂದನ್ನೇ ಹುಡುಕಬಹುದು. ದೋಷವು ತಂದೆಯಲ್ಲಿರಲಿ ತಾಯಿಯಲ್ಲಿರಲಿ, ಅದು ಪ್ರತಿಯೊಂದು ಮಗುವಿಗೂ ಇಳಿಯುವ ಸಂಭವ ಎರಡರಲ್ಲಿ ಒಂದು, ಗಂಡುಹೆಣ್ಣೆಂಬ ಭೇದವಿಲ್ಲ. ಆದುದರಿಂದ ಮದುವೆಯಾಗಿ ಬೇರೆ ಮನೆ ಸೇರಿದ ಮಗಳಿಗೂ ಈ ಸಂಗತಿಯನ್ನು ತಿಳಿಸತಕ್ಕದ್ದು.

ದೋಷವಿಲ್ಲವೆಂದು ತಿಳಿದವನಿಗೆ ಆ ಭಯ ತಪ್ಪಿತು. ಅವನಿಂದ ಮಕ್ಕಳಿಗೂ ಅದು ಇಳಿಯದು. ಆದರೂ ಲೋಕದ ಎಲ್ಲರಿಗೂ ಇರುವ ಸಾಮಾನ್ಯ ಸಂಭವ ಅವನಿಗೂ ಉಂಟು. ದೋಷವುಂಟೆಂದು ತಿಳಿದವನಿಗೆ ರೋಗವು ಬಂದೇ ತೀರುವುದೆಂಬ ನಿಯಮವಿಲ್ಲ. ಎಂ.ಎಸ್.ಎಚ್.2 ದೋಷವುಳ್ಳವರು ಸಾಮಾನ್ಯವಾಗಿ 20–25ನೆಯ ವಯಸ್ಸಿನಿಂದಲೇ ಒಂದೆರಡು ವರ್ಷಗಳಿಗೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ವೈದ್ಯರು ವಿಧಿಸುವರು. ನಳಿಕೆಯಿಂದ ಕರುಳಿನ ಒಳಗನ್ನು ನೋಡಿ, ಸಣ್ಣ ಗಂಟುಗಳನ್ನು ಅವು ಕ್ಯಾನ್ಸರಾಗುವ ಮೊದಲೇ ತೆಗೆಯುವರು. ಸ್ತ್ರೀಯರಿಗೆ, ಮಕ್ಕಳನ್ನು ಪಡೆದ ಮೇಲೆ, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಸುವ ಉಪಾಯವೂ ಉಂಟು.

ಪರೀಕ್ಷೆಗೆ ಯಾರನ್ನೂ ಬಲಾತ್ಕರಿಸತಕ್ಕದ್ದಲ್ಲ. ತಿಳಿಯಲೊಲ್ಲೆನೆಂಬುದಕ್ಕೂ ಪ್ರೌಢರಿಗೆ ಅಧಿಕಾರವುಂಟು. ದೋಷವುಳ್ಳವರನ್ನು ಮದುವೆಯ ಮಾತಿನಲ್ಲಿ ಹಳಿಯುವುದೂ ಸಲ್ಲದು. ಆದರೆ ಬಲ್ಲವರು ಬಂಧುಗಳಿಗೆ ಹೇಳದಿದ್ದರೆ, ತಿಳಿಯಬೇಕೋ ಬೇಡವೋ ಎಂದು ನಿಶ್ಚಯಿಸುವ ಅವಕಾಶವೇ ಅವರಿಗೆ ಇಲ್ಲವಾಗುವುದು. ಹೊಲಗದ್ದೆಗಳ ಪತ್ರಗಳನ್ನು ಮಕ್ಕಳಿಗಾಗಿ ಜೋಪಾನಮಾಡುವ ಹಿರಿಯರು, ಕುಲದಲ್ಲಿ ಯಾರು, ಯಾವ ರೋಗದಿಂದ, ಯಾವ ವಯಸ್ಸಿನಲ್ಲಿ ತೀರಿದರೆಂಬುದನ್ನೂ ಬರೆದಿಡಲಿ. ಆ ಒಂದು ಹಾಳೆಯಿಂದ ಒಂದು ಜೀವ ಉಳಿದೀತು.