ಜಗುಲಿಯ ಬಿಳಿ ಪುಡಿ

ಮಕ್ಕಳೇ, ಪೆನ್ಸಿಲಿಗೆ ಹಿರಿಯರು ‘ಸೀಸದ ಕಡ್ಡಿ’ ಅನ್ನುವುದನ್ನು ಕೇಳಿದ್ದೀರಲ್ಲವೇ? ಅದರೊಳಗೆ ಸೀಸ ಇಲ್ಲವೇ ಇಲ್ಲ. ಇರುವುದು ಗ್ರಾಫೈಟ್, ಅಂದರೆ ಇದ್ದಿಲಿನ ಬಳಗಕ್ಕೇ ಸೇರಿದ ಇಂಗಾಲ. ನಿಜವಾದ ಸೀಸ ಬೂದು ಬಣ್ಣದ, ಮೆತ್ತನೆಯ, ಬಲು ಭಾರದ ಲೋಹ. ಕಾರಿನ ಬ್ಯಾಟರಿಯಲ್ಲಿ ಅದು ಇಂದಿಗೂ ಇದೆ. ಹಿಂದೆ ಮನೆಗೆ ಬಳಿಯುವ ಬಣ್ಣದಲ್ಲೂ ಇತ್ತು. ಅದರದ್ದೇ ಈ ಕಥೆ.

ಸುಮಾರು 130 ವರ್ಷಗಳ ಹಿಂದೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ಊರಿನಲ್ಲಿ ಕೆಲವು ಮಕ್ಕಳಿಗೆ ವಿಚಿತ್ರ ಕಾಯಿಲೆ ಬಂತು. ಹೊಟ್ಟೆನೋವು, ಕೈಕಾಲಿನಲ್ಲಿ ನಿಶ್ಶಕ್ತಿ. ಕೆಲವರಿಗೆ ಕಣ್ಣೂ ಮಂಜಾಯಿತು. ಇದು ಸೀಸದ ವಿಷ ಎಂದು ಅಲ್ಲಿನ ವೈದ್ಯರು ಗುರುತಿಸಿದರು. ಆದರೆ ಆಡುವ ಮಕ್ಕಳ ಹೊಟ್ಟೆಗೆ ಸೀಸ ಸೇರಿದ್ದು ಹೇಗೆ?

ಉತ್ತರ ಹುಡುಕಿದವರು ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು. ಬ್ರಿಸ್ಬೇನಿನ ಮನೆಗಳು ಮರದವು. ಮುಂದೆ ಜಗುಲಿ, ಜಗುಲಿಯ ಅಂಚಿಗೆ ಬಣ್ಣ ಬಳಿದ ಕಟಾಂಜನ. ಸುಡುಬಿಸಿಲಿಗೆ ಆ ಬಣ್ಣ ಸೀಮೆಸುಣ್ಣದಂತೆ ಪುಡಿಪುಡಿಯಾಗುತ್ತಿತ್ತು. ಮಕ್ಕಳು ಕಟಾಂಜನ ಹಿಡಿದುಕೊಂಡೇ ಆಡುತ್ತಿದ್ದರು. ಪುಡಿ ಬೆರಳಿಗೆ ಮೆತ್ತಿಕೊಂಡಿತು, ಬೆರಳು ಬಾಯಿಗೆ ಹೋಯಿತು! ಉಗುರು ಕಚ್ಚುವ, ಬೆರಳು ಚೀಪುವ ಮಕ್ಕಳಿಗೆ ಅಪಾಯ ಹೆಚ್ಚೆಂದು ಗಿಬ್ಸನ್ ಕಂಡುಕೊಂಡರು. 1904ರಲ್ಲಿ ಈ ವಿಷಯ ಬರೆದು ಪ್ರಕಟಿಸಿದರು. ದೊಡ್ಡವರಿಗೆ ಕಾಣದ್ದು ಅವರಿಗೆ ಕಂಡದ್ದು, ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದ್ದರಿಂದ.

ಸೀಸ ನಮ್ಮ ಮೈಯನ್ನು ಏಮಾರಿಸುವ ಬಗೆ ನೋಡಿ. ಮೂಳೆ ಬೆಳೆಯಲು ಕ್ಯಾಲ್ಸಿಯಂ ಬೇಕು. ಸೀಸ ಅದರ ವೇಷದಲ್ಲಿ ಬರುತ್ತದೆ. ಮೈ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನುಂಗಿದ ಸೀಸದಲ್ಲಿ ಪುಟ್ಟ ಮಕ್ಕಳ ಮೈ ಹೀರಿಕೊಳ್ಳುವ ಪಾಲು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಒಳಬಂದದ್ದು ಮೂಳೆಯಲ್ಲಿ ವರ್ಷಗಟ್ಟಲೆ ಬೀಡುಬಿಡುತ್ತದೆ, ಬೆಳೆಯುತ್ತಿರುವ ಮಿದುಳಿನ ಕೆಲಸ ಕೆಡಿಸುತ್ತದೆ. ಪಾಠದಲ್ಲಿ ಗಮನ ನಿಲ್ಲದೆ ಹೋಗಬಹುದು, ಕಲಿತದ್ದು ನೆನಪಿರದೆ ಹೋಗಬಹುದು. ಅದು ಮಗುವಿನ ತಪ್ಪಲ್ಲ. ಸೀಸ ಮೈಯಲ್ಲಿ ‘ಇಷ್ಟಿದ್ದರೆ ಪರವಾಗಿಲ್ಲ’ ಅನ್ನುವ ಅಳತೆ ಯಾವುದೂ ಇಲ್ಲ. ಇದೆಯೋ ಇಲ್ಲವೋ ಎಂದು ತಿಳಿಯಲು ರಕ್ತಪರೀಕ್ಷೆ ಬೇಕು.

ಮಕ್ಕಳ ಕೈಗೆಟಕುವ ಕಡೆ ಸೀಸದ ಬಣ್ಣ ಬಳಿಯದಂತೆ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡಿನಲ್ಲಿ 1922ರಲ್ಲಿ ಕಾನೂನು ಬಂತು. ಅಮೆರಿಕದಲ್ಲಿ ಸೀಸದ ಮನೆಬಣ್ಣಕ್ಕೆ ನಿಷೇಧ ಬಂದದ್ದು 1978ರಲ್ಲಿ, ಅಂದರೆ 56 ವರ್ಷ ತಡವಾಗಿ. ಅದಕ್ಕಿಂತ ಹಳೆಯ ಎಷ್ಟೋ ಮನೆಗಳಲ್ಲಿ ಹೊಸ ಬಣ್ಣದ ಕೆಳಗೆ ಆ ಸೀಸ ಇನ್ನೂ ಇದೆ. ನಮ್ಮ ದೇಶದಲ್ಲಿ 2016ರಲ್ಲಿ ನಿಯಮವಾಗಿ, 2017ರ ನವೆಂಬರಿನಿಂದ ಜಾರಿಯಾಯಿತು: ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲು ಮೀರಬಾರದು. ಅದಕ್ಕೂ ಮುಂಚೆ ಕಿಟಕಿ, ಬಾಗಿಲು, ಸರಳುಗಳಿಗೆ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಇದ್ದಿರಬಹುದು.

ಹೆದರಬೇಡಿ. ಗಟ್ಟಿಯಾಗಿ ಅಂಟಿಕೊಂಡ ಬಣ್ಣ ಸುಮ್ಮನಿರುತ್ತದೆ. ಚಕ್ಕೆ ಎದ್ದರೆ, ಪುಡಿ ಉದುರಿದರೆ ತೊಂದರೆ. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಎದ್ದ ಚಕ್ಕೆಯನ್ನು ಕೀಳಬೇಡಿ. ಬಣ್ಣದ ಪುಡಿ ಬಿದ್ದಲ್ಲಿ ಪೊರಕೆ ಆಡಿಸಿದರೆ ದೂಳೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಲು ಮನೆಯವರಿಗೆ ಹೇಳಿ. ಹಳೆ ಬಣ್ಣವನ್ನು ಉಜ್ಜುಕಾಗದದಿಂದ ಒಣದಾಗಿ ಉಜ್ಜಿಸುವುದು ಬೇಡವೆಂದೂ ಹೇಳಿ. ರಾಗಿ, ಹಾಲು, ಸೊಪ್ಪು ಚೆನ್ನಾಗಿ ತಿನ್ನಿ. ಮೈಯಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಸಾಕಷ್ಟಿದ್ದರೆ ಸೀಸ ಒಳಸೇರುವುದು ಕಡಿಮೆ.

ಕಿಟಕಿಯ ಕೆಳಗಂಚಿನಲ್ಲಿ, ಬಾಗಿಲ ಮೂಲೆಯಲ್ಲಿ ಬಣ್ಣ ಎದ್ದಿರುವುದು ಎತ್ತರದ ಅಪ್ಪನಿಗೆ ಕಾಣದಿರಬಹುದು, ನಿಮಗೆ ಕಾಣುತ್ತದೆ. ಇವತ್ತೇ ಒಂದು ಸುತ್ತು ನೋಡಿ ಬನ್ನಿ, ಕಂಡದ್ದನ್ನು ಮನೆಯಲ್ಲಿ ಹೇಳಿ. ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರೆ, ಅವರ ಪರವಾಗಿ ಹೇಳಬೇಕಾದವರೂ ನೀವೇ.